ನನ್ನ ಪುಸ್ತಕ ಓದಿ ಅತ್ತವರು

ಪುಸ್ತಕ ಬರೆದವರು ಓದುಗರಿಲ್ಲ ಎಂದು ಗೋಳಾಡುವುದನ್ನು ನೀವು ಸಾಕಷ್ಟು ಕೇಳಿರುತ್ತೀರಿ. ನನ್ನ ಗೋಳು ಬೇರೆ ತರಹದ್ದು. ನನ್ನ ಮೊದಲ ಪುಸ್ತಕಕ್ಕೆ ಓದುಗರು ಸಿಕ್ಕರು, ಗೌರವ ಸಿಕ್ಕಿತು, ಒಂದೆರಡು ಕಡೆ ಶಾಲನ್ನೂ ಹೊದೆಸಿದರು. ಓದಿದವರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. ಇಷ್ಟೆಲ್ಲ ಸಿಕ್ಕ ಮೇಲೆ ಈ ಮನುಷ್ಯನಿಗೆ ಇನ್ನೇನು ಬೇಕಂತೆ ಎಂದು ನೀವು ಕೇಳಬಹುದು. ಸ್ವಾಮಿ, ನಾನು ಬರೆದದ್ದು ಹಾಸ್ಯದ ಪುಸ್ತಕ.

ನಾನು ಬೀದರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಭಾನುವಾರ ನಮ್ಮ ಚರ್ಚಿನಲ್ಲಿ ಎದ್ದು ನಿಂತು ಅಂದಿನ ಬೈಬಲ್ ವಾಕ್ಯಭಾಗ ಓದುವವನೂ ನಾನೇ. ಎರಡೂ ಕಡೆ ಜನ ನನ್ನ ಎದುರಿಗೇ ಆಕಳಿಸುತ್ತಾರೆ. ಹೀಗಾಗಿ ಮುಖ ನೋಡಿ ಮನಸ್ಸು ತಿಳಿಯುವ ಅಭ್ಯಾಸ ನನಗೆ ಚೆನ್ನಾಗಿಯೇ ಆಗಿದೆ. ಹಾಗೆ ಕಂಡದ್ದನ್ನು ಬಿಡುವಿನಲ್ಲಿ ಬರೆಯತೊಡಗಿದೆ. ನಮ್ಮ ಗಾಯನ ತಂಡದಲ್ಲಿ ತಬಲಾಕ್ಕೂ ಕೀಬೋರ್ಡಿಗೂ ಮಾತು ಬಿಟ್ಟ ಕಥೆ, ಕ್ರಿಸ್ಮಸ್ ನಾಟಕದಲ್ಲಿ ಕುರುಬನಾಗಿದ್ದ ನನ್ನ ಅಂಟು ಗಡ್ಡ ಕಳಚಿ ಕೂಸಿನ ಗೋದಲಿಯಲ್ಲಿ ಬಿದ್ದದ್ದು, ಸುಗ್ಗಿ ಹಬ್ಬಕ್ಕೆ ಕಾಣಿಕೆಯಾಗಿ ಬಂದ ಹುಂಜ ಹಗ್ಗ ಹರಿದುಕೊಂಡು ಪಾಸ್ಟರರ ಉಪದೇಶ ನಡೆಯುತ್ತಿರುವಾಗಲೇ ಪೀಠವೇರಿ ಕೂಗಿದ್ದು, ಹೀಗೆ. ನನ್ನ ಹೆಂಡತಿ ಸುಗಂಧಾ ಮಾತ್ರ, "ಬರ್ಕೋತ ಕುಂತ್ರ ಕಾಯಿಪಲ್ಯ ಯಾರ ತರ್ತಾರ್ರಿ?" ಎಂದು ಆಗಾಗ ವಿಮರ್ಶೆ ಮಾಡುತ್ತಿದ್ದಳು. ನನ್ನ ಆಸೆ ದೊಡ್ಡದೇನೂ ಇರಲಿಲ್ಲ. ಒಬ್ಬರು, ಒಬ್ಬರೇ ಒಬ್ಬರು, ನಾನು ಬರೆದದ್ದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗಬೇಕು. ಅದನ್ನು ನಾನು ಕಣ್ಣಾರೆ ನೋಡಬೇಕು. ಪ್ರಶಸ್ತಿ ಗಿಶಸ್ತಿ ಆಮೇಲೆ ನೋಡಿಕೊಳ್ಳೋಣ ಎಂದುಕೊಂಡಿದ್ದೆ.

ಎಡವಟ್ಟು ಆದದ್ದು ಪ್ರಾರ್ಥನೆಯಲ್ಲಿ. ನಮ್ಮವರಲ್ಲಿ ಹೊಸದು ಏನೇ ಬರಲಿ, ಪ್ರಾರ್ಥನೆ ಆಗದೆ ಬಳಸುವ ಪದ್ಧತಿಯಿಲ್ಲ. ಮೋಟಾರ್ ಸೈಕಲ್ ಬಂದರೆ ಪಾಸ್ಟರ್ ಸಾಹೇಬರು ಅದರ ಹ್ಯಾಂಡಲ್ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಬೋರ್‌ವೆಲ್ ಕೊರೆಸಿದರೆ ಕೇಸಿಂಗ್ ಪೈಪಿನ ಸುತ್ತ ನಿಂತು ಹಾಡುತ್ತೇವೆ. ನನ್ನ ಭಾವಮೈದುನನ ಹೊಸ ಮಿಕ್ಸರಿಗೂ ಪ್ರಾರ್ಥನೆಯಾಗಿದೆ, ಅದು ಇವತ್ತಿಗೂ ಕೆಟ್ಟಿಲ್ಲ. ಅಂದ ಮೇಲೆ ಪುಸ್ತಕವನ್ನು ಬಿಡಲಾದೀತೇ? ಬಿಳಿ ಬಟ್ಟೆ ಹೊದಿಸಿದ ನನ್ನ ಪುಸ್ತಕದ ಕಟ್ಟನ್ನು ಭಾನುವಾರ ಪೀಠದ ಮುಂದಿಟ್ಟೆವು. ಪಾಸ್ಟರ್ ಸಾಹೇಬರಿಗೆ ಓದಲು ಪುರುಸೊತ್ತಾಗಿರಲಿಲ್ಲ. ಸಭೆಯವನೊಬ್ಬ ಪುಸ್ತಕ ಬರೆದಿದ್ದಾನೆಂದರೆ ಅದು ಭಕ್ತಿಯದ್ದೇ, ಇನ್ನೇನಿದ್ದೀತು ಎಂಬ ವಿಶ್ವಾಸ ಅವರದು. ಕೈಯೆತ್ತಿ, ಕಂಠ ತುಂಬಿ ಬೇಡಿಕೊಂಡರು: "ತಂದೆಯೇ, ಈ ಪುಸ್ತಕ ಓದುವವರ ಕಲ್ಲು ಹೃದಯಗಳು ಕರಗಲಿ. ಅವರ ಕಣ್ಣುಗಳಿಂದ ನೀರು ಹರಿಯಲಿ!" ಇಡೀ ಸಭೆ "ಆಮೆನ್" ಎಂದಿತು. ಎಲ್ಲರೂ ಕಣ್ಣು ಮುಚ್ಚಿ ನಿಂತಿರುವಾಗ ನಡುವೆ ಬಾಯಿ ಹಾಕಿ, "ಸರ್, ಇದು ನಗಿಸುವ ಪುಸ್ತಕರಿ" ಎನ್ನಲು ಬರುತ್ತದೆಯೇ? ನಾನೂ "ಆಮೆನ್" ಎಂದೆ. ಯಾವ ಪ್ರಾರ್ಥನೆಯೂ ಅಷ್ಟು ಬೇಗ, ಅಷ್ಟು ಅಕ್ಷರಶಃ ಫಲಿಸಿದ್ದನ್ನು ನಾನು ಕಂಡಿಲ್ಲ.

ಮರುದಿನದಿಂದ ನಾನು ಲೇಖಕನಾಗುವ ಬದಲು ಅರ್ಧ ಸಂತನಾದೆ. ಚರ್ಚಿನ ಅಂಗಡಿಯವರು ನನ್ನ ಪುಸ್ತಕವನ್ನು ಬೈಬಲ್ ವಾಕ್ಯದ ಕ್ಯಾಲೆಂಡರುಗಳ ಪಕ್ಕ, ಮೇಣದಬತ್ತಿಯ ಡಬ್ಬಿಗಳ ಮುಂದೆ ನಿಲ್ಲಿಸಿದರು. ಶಾಲೆಯಲ್ಲಿ ನನ್ನ ಗೆಳೆಯ ಶಿವರಾಜ ಮಾಸ್ತರರಿಗೆ ಒಂದು ಪ್ರತಿ ಕೊಟ್ಟಿದ್ದೆ. ಸ್ಟಾಫ್ ರೂಮಿನಲ್ಲಿ ಅವರು ಹೇಳುವ ಜೋಕಿಗೆ ನಾನು ವರ್ಷಗಟ್ಟಲೆ ನಕ್ಕಿದ್ದೇನೆ, ಅವರಾದರೂ ಆ ಸಾಲ ತೀರಿಸಿಯಾರು ಎಂಬ ದೂರಾಲೋಚನೆ. ವಾರ ಬಿಟ್ಟು ಕೇಳಿದರೆ ಎರಡೂ ಕೈ ಜೋಡಿಸಿ, "ಸರ್, ನಿಮ್ಮ ದೇವರ ಪುಸ್ತಕ ಹ್ಯಾಂಗಂದ್ರ ಹಾಂಗ ತೆಗೀಲಕ ಬರ್ತದೇನ್ರಿ? ನಮ್ಮ ಮನ್ಯಾಗ ದೇವರ ಜಗಲಿ ಮ್ಯಾಲ, ವಚನದ ಪುಸ್ತಕದ ಬಾಜೂಕ ಇಟ್ಟೀನಿ. ದಿನಾ ವಿಭೂತಿ ಹಚ್ಕೊಂಡು ಅದಕ್ಕೂ ಕೈ ಮುಗೀತೀನಿ" ಎಂದರು. ಅವರ ಮನಸ್ಸು ದೊಡ್ಡದು, ಅದನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಆದರೆ ಕೈ ಮುಗಿದವರು ನಗುವುದು ಯಾವಾಗ? ಇದರ ನಡುವೆ ಮನ್ನಳ್ಳಿಯಿಂದ ಪರಿಚಯದವರೊಬ್ಬರು ಫೋನು ಮಾಡಿ, ತಮ್ಮ ಎಮ್ಮೆ ಹಾಲು ಕೊಡದೆ ಹಟ ಹಿಡಿದಿದೆ, ಪುಸ್ತಕ ಬರೆದವರೇ ಬಂದು ಪ್ರಾರ್ಥಿಸಬೇಕು ಎಂದು ಕರೆದರು. ಹೋದೆ, ಪ್ರಾರ್ಥಿಸಿದೆ. ಎಮ್ಮೆ ಒದೆಯಿತು. ನನ್ನನ್ನು ಸಂತನೆಂದು ನಂಬದ ಜೀವ ಜಿಲ್ಲೆಯಲ್ಲಿ ಅದೊಂದೇ ಉಳಿದಿತ್ತು.

ಭಾಲ್ಕಿಯಲ್ಲಿ ಸುಗಂಧಾಳ ಚಿಕ್ಕಮ್ಮನ ಮನೆಯಿದೆ. ಅಲ್ಲಿ ಶುಕ್ರವಾರದ ಮನೆ ಪ್ರಾರ್ಥನೆಯಲ್ಲಿ ನನ್ನ ಪುಸ್ತಕದ ಒಂದು ಭಾಗ ಓದಿಸುತ್ತೇವೆ ಎಂದು ಕರೆಸಿದರು. ಆರಿಸಿದ್ದು ಹುಂಜದ ಪ್ರಕರಣ! ನನ್ನ ಎದೆ ಹಿಗ್ಗಿತು. ಹುಂಜ ಎಲ್ಲಿ ಕಾಲಿಟ್ಟರೂ ನಗು ಏಳಲೇಬೇಕು. ಹೆಣ್ಣುಮಕ್ಕಳು ಸೆರಗು ಹೊದ್ದುಕೊಂಡರು, ಗಂಡಸರು ತಲೆ ಬಗ್ಗಿಸಿದರು. ಚಿಕ್ಕಮ್ಮ ನಡುಗುವ ದನಿಯಲ್ಲಿ, ಪ್ರತಿ ವಾಕ್ಯಕ್ಕೂ ತಡೆದು ತಡೆದು ಓದಿದರು. ಹುಂಜ ಹಗ್ಗ ಹರಿಯಿತು, ಮೌನ. ಹುಂಜ ಪೀಠವೇರಿತು, ಯಾರೋ ನಿಟ್ಟುಸಿರಿಟ್ಟರು. ನಮ್ಮಪ್ಪ ಪಂಚೆ ಎತ್ತಿ ಕಟ್ಟಿ ಬೆಂಚುಗಳ ಸಂದಿಯಲ್ಲಿ ಅದರ ಹಿಂದೆ ಓಡಿದಲ್ಲಿಗೆ ಬಂದಾಗ ನಾನೇ ತಡೆಯಲಾರದೆ ಕಿಸಕ್ಕೆಂದೆ, ಅದನ್ನು ಕೆಮ್ಮು ಎಂದುಕೊಂಡು ಯಾರೋ ನೀರು ತಂದುಕೊಟ್ಟರು. ಓದು ಮುಗಿಯಿತು. "ಆಮೆನ್" ಎಂದರು. ಆಮೇಲೆ ವಿವರಣೆ ಶುರುವಾಯಿತು. "ಆ ಹುಂಜ ಅಂದ್ರ ನಮ್ಮ ಮನಸ್ಸಾಕ್ಷಿ ನೋಡ್ರಿ. ಎಷ್ಟ ಕಟ್ಟಿ ಹಾಕಿದ್ರೂ ಹರ್ಕೊಂಡು ಬಂದು ಕೂಗ್ತದ" ಎಂದರು ಒಬ್ಬ ಹಿರಿಯರು. "ಮತ್ತ ಆ ಹಗ್ಗ?" ಎಂದು ಇನ್ನೊಬ್ಬರು. "ಹಗ್ಗ ಅಂದ್ರ ಪಾಪ" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಬರೆದವನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹಗ್ಗ ಎಂದರೆ ಹಗ್ಗ ಎನ್ನಬಹುದಾಗಿತ್ತು. ಹಾಗೆ ಹೇಳಿದರೆ ಊಟಕ್ಕೆ ಕಲ್ಲು ಹಾಕಿಕೊಂಡಂತಾದೀತೆಂದು ಸುಮ್ಮನಿದ್ದೆ. ಅಂದು ಅಡುಗೆಯಲ್ಲಿ ಮನಸ್ಸಾಕ್ಷಿಯನ್ನೇ ಮಸಾಲೆ ಹಾಕಿ ಬೇಯಿಸಿದ್ದರು, ಬಹಳ ರುಚಿಯಾಗಿತ್ತು.

ಉಳಿದದ್ದು ಒಂದೇ ಆಸೆ, ಔರಾದಿನಲ್ಲಿರುವ ನನ್ನ ಸುಶೀಲಕ್ಕ. ದವಾಖಾನೆಯಲ್ಲಿ ನರ್ಸಾಗಿ ಕೆಲಸ ಮಾಡಿ ಈಗ ನಿವೃತ್ತಳು. ಸಾವಿನ ಮನೆಯಲ್ಲೂ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡು ಹೊರಗೋಡಿದ ದಾಖಲೆ ಅವಳದು. ಅವಳೂ ನಗದಿದ್ದರೆ ಪೆನ್ನು ಮುಚ್ಚಿಟ್ಟು ಕಾಯಿಪಲ್ಯ ತರುವುದನ್ನೇ ವೃತ್ತಿ ಮಾಡಿಕೊಳ್ಳುವುದೆಂದು ನಿಜಕ್ಕೂ ನಿರ್ಧರಿಸಿ, ಸುಗಂಧಾಳೊಂದಿಗೆ ಬಸ್ಸು ಹತ್ತಿದೆ. ಅಕ್ಕ ಚಹಾ ಕೊಟ್ಟು, ಚಷ್ಮಾ ಹಾಕಿಕೊಂಡು, ಹುಂಜದ ಪ್ರಕರಣವನ್ನೇ ತೆಗೆದಳು. ನಾನು ಅವಳ ತುಟಿಯ ತುದಿಯನ್ನೇ ನೋಡುತ್ತ ಕುಳಿತೆ. ಪುಟ ತಿರುಗಿತು, ತುಟಿ ಅಲುಗಲಿಲ್ಲ. ಕೊನೆಯ ಸಾಲು ಮುಗಿಸಿ ಚಷ್ಮಾ ತೆಗೆದಳು. ಕಣ್ಣಲ್ಲಿ ನೀರು! "ಅಪ್ಪ ಹಾಂಗೇ ಓಡ್ತಿದ್ದ ನೋಡೋ. ಪಂಚಿ ಎತ್ತಿ ಕಟ್ಟಿ" ಎಂದಳು. ಅಪ್ಪ ಹೋಗಿ ಬಹಳ ವರ್ಷಗಳಾದವು. ಅವನ ನೆನಪಿಗೆ ಅಕ್ಕ ಅತ್ತದ್ದು ನನಗೆ ಹಿತವಾಗಿಯೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಹೊಟ್ಟೆಯೊಳಗೆ ಲೇಖಕನೊಬ್ಬ ಧೊಪ್ಪನೆ ಕುಸಿದು ಕೂತ.

ಅಕ್ಕ ಪುಸ್ತಕ ಮುಚ್ಚಿ ಬೋರಲು ಹಾಕಿದಳು. ಹಿಂಬದಿಯ ರಕ್ಷಾಪುಟದಲ್ಲಿ ನನ್ನ ಭಾವಚಿತ್ರ, ಅದರ ಕೆಳಗೆ ಲೇಖಕರ ಪರಿಚಯ. ಚಷ್ಮಾ ಮತ್ತೆ ಮೂಗೇರಿತು. "ಮಿತಭಾಷಿಯೂ ಸರಳಜೀವಿಯೂ ಆದ ಲೇಖಕರು..." ಎಂದು ಓದಿದವಳು ಒಮ್ಮೆ ನನ್ನ ಮುಖ ನೋಡಿದಳು. ಭುಜ ಅಲುಗತೊಡಗಿತು. "ನಸುಕಿನಲ್ಲೇ ಎದ್ದು ಧ್ಯಾನದಲ್ಲಿ ತೊಡಗುವ ಇವರು... ಅಯ್ಯ ನನ ಶಿವನೇ! ಅವ್ವ ಮಾರಿಗಿ ನೀರ್ ಗೊಜ್ಜಿದ್ರೂ ಏಳ್ತಿದ್ದಿಲ್ಲಲ್ಲೋ!" ನಮ್ಮ ಮನೆಯಲ್ಲಿ ನಗು ಉಕ್ಕಿದಾಗ ಯಾವ ದೇವರ ಹೆಸರು ಬರುತ್ತದೆಂಬ ನೇಮವಿಲ್ಲ. "ಮನೆಗೆಲಸದಲ್ಲಿ ಪತ್ನಿಗೆ ಸದಾ ನೆರವಾಗುತ್ತಾ..." ಎಂಬಲ್ಲಿಗೆ ಸುಗಂಧಾ, "ಎಲ್ಲದ ಅಕ್ಕಾ, ಎಲ್ಲದ? ತೋರ್ಸ್ರಿ ಇಲ್ಲಿ" ಎಂದು ಓಡಿಬಂದಳು. ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಬಿದ್ದು ನಕ್ಕರು. ಅಕ್ಕ ಹೊಟ್ಟೆ ಹಿಡಿದುಕೊಂಡಳು, ಹೌದು, ಹೊಟ್ಟೆಯನ್ನೇ ಹಿಡಿದುಕೊಂಡಳು, ನಾನು ಕಣ್ಣಾರೆ ಕಂಡೆ. ಪಕ್ಕದ ಮನೆಯವರನ್ನು ಕೂಗಿ ಕರೆದು ಮೊದಲಿನಿಂದ ಮತ್ತೆ ಓದಿದಳು. ಇಡೀ ಪುಸ್ತಕದಲ್ಲಿ ನಾನು ಅತ್ಯಂತ ಗಂಭೀರವಾಗಿ, ಬರೆದು ಬರೆದು ಹರಿದು ಹಾಕಿ, ಒಂದೊಂದು ಪದವನ್ನೂ ತೂಗಿ ಬರೆದ ಪುಟ ಅದೊಂದೇ.

ಅಕ್ಕ ನೀರು ಕುಡಿದು ಸುಧಾರಿಸಿಕೊಂಡು ಕೇಳಿದಳು, "ಇದ ಯಾರ ಬರ್ದಾರೋ? ನೀನ ಏನು?"

"ಛೇ ಛೇ, ನಾ ಅಲ್ಲಕ್ಕಾ" ಎಂದೆ. "ಪ್ರೆಸ್ಸಿನವರ ಬರ್ದು ಹಾಕ್ಯಾರ."

"ಭಾಳ ಚಲೋ ಬರೀತಾರ ಬಿಡು" ಎಂದಳು ಅಕ್ಕ, ಇನ್ನೂ ಕಣ್ಣೊರೆಸಿಕೊಳ್ಳುತ್ತ. "ಪೂರಾ ಪುಸ್ತಕ ಅವ್ರ ಕಡಿಂದನೇ ಬರಸಬೇಕಿತ್ತು ನೋಡು."