ಜಾಗ ಸಾಲದ ದೊಡ್ಡ ಮನೆ

ಕೊಡೋ ಕೈ ಇರೋರ ಮನೇಲಿ ಕೆಲಸಕ್ಕೆ ಸೇರಿದ್ರೆ ಇಂಥವೆಲ್ಲ ಆಗ್ತಾನೇ ಇರ್ತವೆ ಕಣ್ರೀ, ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ. ಕೆಟ್ಟ ಮನೆ ಆಗಿದ್ರೆ ನಾಲ್ಕು ಬೈದು ಬಿಟ್ಟು ಬರಬಹುದಿತ್ತು. ನನ್ನ ಹಣೇಬರಕ್ಕೆ ಸಿಕ್ಕಿರೋದು ಒಳ್ಳೇ ಮನೆ.

ನಂಜನಗೂಡಿನ ಹೊಸ ಬಡಾವಣೇಲಿ ಎರಡು ಅಂತಸ್ತಿನ ಮನೆ. ಇರೋದು ಅಮ್ಮಾವ್ರು, ಅವರ ಯಜಮಾನರು ಇಬ್ಬರೇ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲ್ಲಿ ಅಡುಗೆ ನಂದು. ನಾವಿರೋದು ಹೊಳೆ ಕಡೆ ಒಂದು ಸಂದಿಯಲ್ಲಿ. ಒಂದು ಕೋಣೆ, ಮುಂದೆ ಶೀಟು ಹಾಕಿರೋ ಒಂಚೂರು ಜಾಗ. ಅದರೊಳಗೆ ನಾನು, ನಮ್ಮನೆಯವರು, ನಮ್ಮತ್ತೆ.

ನನಗೆ ಬೇಕಾಗಿದ್ದು ಒಂದೇ. ಭಾನುವಾರ ರಜಾ. ನಮ್ಮನೆಯವರಿಗೆ ಫ್ಯಾಕ್ಟರಿ ರಜಾ ಇರೋದು ಅವತ್ತೇ, ಅಮ್ಮಾವ್ರ ಮನೆಗೆ ನೆಂಟರು ಬರೋದೂ ಅವತ್ತೇ. ಅಲ್ಲಿ ಎಲ್ಲರಿಗೂ ಬಿಸಿಬಿಸಿ ಬಡಿಸಿ ನಾನು ಮನೆ ಸೇರೋ ಹೊತ್ತಿಗೆ ಇಲ್ಲಿ ಇವರು ಉಂಡು ಮಲಗಿರ್ತಾರೆ. ತಣ್ಣಗಾದ ಮುದ್ದೆ ಮುರ್ಕೊಂಡು ಒಬ್ಬಳೇ ಗೋಡೆ ನೋಡ್ತಾ ಉಣ್ಣಬೇಕು. ವಾರಕ್ಕೊಂದು ದಿನ ನಾನೂ ನಮ್ಮವರ ಜೊತೆ ಕೂತು ಬಿಸಿ ಮುದ್ದೆ ಉಣ್ಣಬೇಕು ಅಂತ ಆಸೆ. ಅಷ್ಟೇ. ಆದರೆ ಕೇಳೋಣ ಅಂತ ಬಾಯಿ ತೆಗೆದಾಗೆಲ್ಲ ಅಮ್ಮಾವ್ರು ಏನಾದರೂ ಒಂದು ಕೊಟ್ಟುಬಿಡ್ತಾರೆ. ಕೈಗೆ ಬಂದಮೇಲೆ ‘ಉಪಕಾರ ಆಯ್ತಮ್ಮ’ ಅನ್ನಲೇಬೇಕಲ್ಲ. ಉಪಕಾರ ಅಂದ ಬಾಯಲ್ಲೇ ರಜಾ ಕೇಳೋದು ಹೇಗೆ ಹೇಳಿ.

ಕಿಟಕಿ ಪರದೆ

ಮೊದಲನೇ ಸಲ ಧೈರ್ಯ ಮಾಡಿ ಹೋಗಿದ್ದೆ. “ಅಮ್ಮ, ಒಂದು ಮಾತಿತ್ತು” ಅಂದೆ.

“ಇರು, ನಾನೇ ನಿನ್ನ ಕರೀಬೇಕು ಅಂತಿದ್ದೆ” ಅಂತ ಒಳಗೆ ಹೋಗಿ, ಒಂದು ಗಂಟು ತಂದು ನನ್ನ ಕೈಗಿಟ್ರು. ಹಾಲಿನ ಹಳೇ ಪರದೆಗಳು. “ಬಣ್ಣ ಹೊಂದ್ತಾ ಇರಲಿಲ್ಲ, ಬದಲಾಯಿಸಿದ್ವಿ. ಇಡೋಕೆ ನಮ್ಮನೇಲಿ ಜಾಗಾನೇ ಇಲ್ಲ. ನಿಮ್ಮನೆ ಕಿಟಕಿಗಳಿಗೆ ಹಾಕ್ಕೋ.”

ಕಿಟಕಿಗಳಿಗೆ ಅಂತೆ. ನಮ್ಮನೇಲಿರೋದು ಮೊರದಷ್ಟಗಲ ಒಂದೇ ಒಂದು ಕಿಟಕಿ. ಉಪಕಾರ ಆಯ್ತಮ್ಮ ಅಂದು ಹೊತ್ಕೊಂಡು ಬಂದೆ.

ನಮ್ಮತ್ತೆ ಗಂಟು ಬಿಚ್ಚಿ ನೋಡಿ, “ಇಷ್ಟೊಂದು ಬಟ್ಟೆ ಯಾಕವ್ವ ಕೊಟ್ಬುಟ್ರು?” ಅಂದ್ರು. ನನಗೆ ಮಾತಾಡೋಕೂ ತ್ರಾಣ ಇರಲಿಲ್ಲ. “ಅವರ ಮನೇಲಿ ಇಡೋಕೆ ಜಾಗ ಇಲ್ವಂತೆ” ಅಂದೆ.

“ಎರಡಂತಸ್ತು ಅಂತಿದ್ದಲ್ಲ?”

“ಎರಡಂತಸ್ತೇ.”

“ಆದ್ರೂ ಸಾಲ್ದಾ? ಅಯ್ಯೋ ಪಾಪ” ಅಂತ ಲೊಚಗುಟ್ಟಿದ್ರು. ಸಾವಿನ ಮನೇಲಿ ಲೊಚಗುಟ್ತಾರಲ್ಲ, ಥೇಟ್ ಹಾಗೆ. ಆಮೇಲೆ ಪಕ್ಕದ ಮನೆ ಟೈಲರಮ್ಮನ ಹತ್ತಿರ ಹೊಲಿಸಿ ಬೀದಿ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಲಂಗ ಹಂಚಿದ್ರು. ಆ ಯುಗಾದಿ ದಿನ ಅಮ್ಮಾವ್ರ ಹಾಲಿನ ಕಿಟಕಿಗಳೆಲ್ಲ ನಮ್ಮ ಸಂದಿಯಲ್ಲಿ ಕುಂಟಾಬಿಲ್ಲೆ ಆಡ್ತಾ ಇದ್ವು.

ದಿನಕ್ಕೆ ಮೂರು

ಅಮ್ಮಾವ್ರು ಫೋನಲ್ಲಿ ಯಾರದೋ ಭಾಷಣ ಕೇಳಿ ಹೊಸ ಅಭ್ಯಾಸ ಶುರು ಮಾಡಿದ್ರು. ಬೆಳಿಗ್ಗೆ ಎದ್ದ ತಕ್ಷಣ, ನಮಗೆ ಸಿಕ್ಕಿರೋ ಮೂರು ಒಳ್ಳೇದನ್ನ ನೆನೆದು ಕೃತಜ್ಞತೆ ಹೇಳ್ಕೋಬೇಕಂತೆ. ಹೇಳ್ಕೊಂಡ್ರೆ ಬಿ.ಪಿ. ಇಳಿಯುತ್ತಂತೆ. ಒಬ್ಬರೇ ಹೇಳ್ಕೊಂಡು ಬೇಜಾರಾಯ್ತೋ ಏನೋ, ಒಂದಿನ ಅಡುಗೆಮನೆಗೆ ಬಂದು ನಿಂತ್ರು.

“ನೀನೂ ಹೇಳು ನೋಡೋಣ.”

ನಾನು ಚಪಾತಿ ಲಟ್ಟಿಸ್ತಾ ಇದ್ದೆ. “ಚಟ್ನಿ ರುಬ್ಬೋವರೆಗೂ ಕರೆಂಟ್ ಹೋಗಲಿಲ್ಲವಲ್ಲಮ್ಮ, ಅದೊಂದು” ಅಂದೆ.

“ಅಷ್ಟು ಸಣ್ಣದಲ್ಲ, ದೊಡ್ಡದಾಗಿ ಯೋಚನೆ ಮಾಡು.”

ಇದೇ ಸಮಯ ಅನ್ನಿಸ್ತು. “ಭಾನುವಾರ ಏನಾದ್ರೂ ನನಗೆ...” ಅಂತ ಶುರು ಮಾಡಿದೆ.

“ಹಾಗಲ್ಲ ಕಣೇ. ಬೇಕಾಗಿರೋದನ್ನ ಹೇಳಬಾರದು, ಸಿಕ್ಕಿರೋದನ್ನ ಹೇಳಬೇಕು” ಅಂತ ತಿದ್ದಿದ್ರು. ತಿದ್ದಿ, ಕಣ್ಣು ಮುಚ್ಚಿ, ಎದೆ ಮೇಲೆ ಕೈ ಇಟ್ಕೊಂಡು ತಾವೇ ಹೇಳಿ ತೋರಿಸಿದ್ರು. “ನನ್ನ ಮೂರರಲ್ಲಿ ಮೊದಲನೇದು ಯಾವುದು ಗೊತ್ತಾ? ನೀನೇ. ಭಾನುವಾರ ಕೂಡ ಒಂದಿನ ತಪ್ಪಿಸಲ್ಲವಲ್ಲ, ನಿನ್ನಂಥೋಳು ಸಿಕ್ಕಿದ್ಯಲ್ಲ, ದೇವರಿಗೆ ದಿನಾ ಕೈ ಮುಗೀತೀನಿ.”

ಅವರ ಬಿ.ಪಿ. ನಿಜವಾಗಲೂ ಇಳೀತು. ಅದು ಎಲ್ಲಿಗೆ ಹೋಯ್ತು ಅಂತ ನಾನು ಚಪಾತಿ ಲಟ್ಟಿಸಿದ ರಭಸ ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು.

ಮೀನಿನ ಪೆಟ್ಟಿಗೆ

ಆಮೇಲೊಂದು ಸಲ ಕೇಳೋಕೆ ಹೋದಾಗ ಅವರ ಮನೆ ಮೀನುಗಳು ಸತ್ತು, ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. “ನೋಡಿದ್ರೆ ಸಂಕಟ ಆಗುತ್ತೆ, ತಗೊಂಡು ಹೋಗಿಬಿಡು” ಅಂತ ಕಣ್ಣೊರೆಸಿಕೊಂಡ್ರು. ಕಣ್ಣೀರು ಹಾಕೋರ ಹತ್ತಿರ ರಜಾ ಕೇಳೋಕಾಗುತ್ತಾ? ಉಪಕಾರ ಅಂದೆ.

ನಮ್ಮನೇಲೋ ಕಾಲಿಡೋಕೆ ಜಾಗ ಇಲ್ಲ. ಸೋಸಲೆ ಊರಲ್ಲಿರೋ ನಮ್ಮಕ್ಕನಿಗಾದ್ರೂ ಕೊಡೋಣ ಅಂತ ಕೆಲಸ ಮುಗಿಸಿ ತಿ. ನರಸೀಪುರದ ಬಸ್ಸು ಹತ್ತಿದೆ. ಪೆಟ್ಟಿಗೆ ತೊಡೆ ಮೇಲೆ. ಕಂಡಕ್ಟರ್ ಬಂದು ನನಗೆ ಹೆಂಗಸರ ಫ್ರೀ ಟಿಕೆಟ್ ಹರಿದು ಕೊಟ್ಟು, ಪೆಟ್ಟಿಗೆ ಮೇಲೆ ಬೆರಳಲ್ಲಿ ಕುಟ್ಟಿದ್ರು.

“ಇದಕ್ಕೆ ಲಗೇಜ್ ಆಯ್ತದೆ ಕಣಮ್ಮ.”

“ಸಾ, ಖಾಲಿ ಪೆಟ್ಟಿಗೆ ಸಾ, ನನ್ನ ತೊಡೆ ಮೇಲೆ ಕೂತದೆ.”

“ನಿಮ್ಗೆ ಫ್ರೀ ಅಮ್ಮ. ಇದ್ಕಿಲ್ಲ.”

ಒಂದೊಂದು ಸಲ ಲೆಕ್ಕ ಹೀಗೆ ಮುಖಕ್ಕೆ ಹೊಡೆದ ಹಾಗೆ ಗೊತ್ತಾಗುತ್ತೆ. ಅಮ್ಮಾವ್ರ ಮನೆ ಕಸಕ್ಕೆ ಟಿಕೆಟ್ ಉಂಟು, ನನಗೆ ಬೆಲೆ ಇಲ್ಲ. ದುಡ್ಡು ಕೊಟ್ಟು ಕೂತೆ.

ಅಕ್ಕ ಬಾಗಿಲಲ್ಲೇ ನಿಂತು ಪೆಟ್ಟಿಗೆ ನೋಡಿದಳು, ನನ್ನ ನೋಡಿದಳು. “ಕಾವೇರಿ ದಡದಲ್ಲಿ ಕುಂತಿರೋಳ್ಗೆ ಮೀನ್ ಸಾಕೋ ಪೆಟ್ಗೆ ತಂದಿದ್ದೀಯಲ್ಲೇ, ನಿಂಗೆ ಏನ್ ಬಂದಿದ್ದದು?”

ನನಗೆ ನಿಜವಾಗಿ ಸಿಟ್ಟು ಬಂತು. “ಇಷ್ಟು ದೂರ ಹೊತ್ಕೊಂಡು ಬಂದಿದ್ದೀನಿ, ಉಪಕಾರ ಆಯ್ತು ಅಂತ ಒಂದು ಮಾತು ಬಾಯಲ್ಲಿ ಬರಲ್ವಾ?” ಅಂದೆ. ಥೇಟ್ ಅಮ್ಮಾವ್ರ ಥರವೇ ನಿಂತು ಅಂದೆ.

“ಅಂತೀನಿ ಕಣೇ, ಯಾಕನ್ನಲ್ಲ” ಅಂದಳು ಅಕ್ಕ. “ವಾಪಸ್ ತಕ್ಕಂಡೋಗು, ಆಗಂತೀನಿ.”

ಸೋಫಾ

ಮೀನಿನ ಪೆಟ್ಟಿಗೆ ವಾಪಸ್ ನಮ್ಮನೆಗೇ ಬಂತು, ಕೊನೆಗೆ ಅಮ್ಮಾವ್ರ ಸೋಫಾನೂ ಬಂತು. ಮೂರು ಜನ ಕೂರೋ ಅಂಥದ್ದು, ಕಾಲು ಮಡಚಿದ್ರೆ ಐದು ಜನ. ಆಟೋದಿಂದ ಇಳಿಸಿ ನಮ್ಮನೆಯವರು, ಡ್ರೈವರು ಸೇರಿ ನೆಟ್ಟಗೆ ತೂರಿಸಿದ್ರು, ಓರೆ ಮಾಡಿ ತೂರಿಸಿದ್ರು, ತಲೆಕೆಳಗು ಮಾಡಿ ತೂರಿಸಿದ್ರು. ಬಾಗಿಲಲ್ಲಿ ಹಿಡಿಸಲಿಲ್ಲ. “ಸೋಫಾ ಒಳಗೆ ಹಾಕಿ ಮನೆ ಈಚೆ ಮಡಗಬೇಕು ಅಷ್ಟೇ” ಅಂದ ಡ್ರೈವರು, ಹೊರಟುಹೋದ. ಸೋಫಾ ಶೀಟಿನ ಕೆಳಗೇ ಉಳೀತು.

ನಮ್ಮತ್ತೆ ಅವತ್ತೇ ಅದನ್ನ ಹಿಡ್ಕೊಂಡ್ರು. ಅವರೇಕಾಯಿ ಬಿಡಿಸೋದು ಅಲ್ಲೇ, ಸೊಪ್ಪು ಸೋಸೋದು ಅಲ್ಲೇ, ಬೀದಿ ಪಂಚಾಯ್ತಿ ಅಲ್ಲೇ. ಮಳೆ ಬಂದ್ರೆ ತಾವು ನೆಂದು ಅದಕ್ಕೆ ಪ್ಲಾಸ್ಟಿಕ್ಕು ಹೊದಿಸ್ತಾ ಇದ್ರು. “ಇನ್ನೊಬ್ಬರ ಸಾಮಾನು ಕಣವ್ವ” ಅನ್ನೋರು. ನಾನು ತಿದ್ದೋಕೆ ಹೋಗಲಿಲ್ಲ.

ಒಂದು ಭಾನುವಾರ ನನಗೆ ಜ್ವರ ಬಂತು. ಏಳೋಕೆ ಆಗಲಿಲ್ಲ. ಫೋನು ಚಾರ್ಜಿಲ್ಲದೆ ಸತ್ತಿತ್ತು. ಅಲ್ಲಿ ಅಮ್ಮಾವ್ರ ಮನೇಲಿ ನೆಂಟರು ಬಂದು ಕೂತಿದ್ದಾರೆ, ಇಲ್ಲಿ ನಾನು ಚಾಪೆ ಮೇಲೆ. ಸ್ವಲ್ಪ ಹೊತ್ತಿಗೆ ಅಮ್ಮಾವ್ರೇ ಹುಡುಕ್ಕೊಂಡು ಬಂದುಬಿಟ್ರು. ಕೆಲಸ ಹೋಯ್ತು ಅಂದ್ಕೊಂಡೆ.

ತೆರೆದ ಬಾಗಿಲಾಚೆ ನಮ್ಮತ್ತೆ ದನಿ ಕೇಳಿಸ್ತು. “ಬನ್ರವ್ವ, ಬನ್ನಿ, ಕುಂತ್ಕಳಿ. ನಿಮ್ದೆಯ.” ಸಂಡಿಗೆ ತಟ್ಟೆ ಎತ್ತಿ ಜಾಗ ಮಾಡಿದ್ರು. ನನಗೆ ಜ್ವರ ಅಂತ ಹೇಳಿ ಟೀ ಕೊಟ್ರು. ಬಿಸಿಲಲ್ಲಿ ನಡೆದು ಬಂದಿದ್ದ ಅಮ್ಮಾವ್ರು ಒಂದು ಗುಟುಕು ಕುಡಿದು, “ಉಪಕಾರ ಆಯ್ತಮ್ಮ” ಅಂದ್ರು. ಆಮೇಲೆ ಸೋಫಾ ಸವರಿ, “ಚೆನ್ನಾಗಿ ಇಟ್ಕೊಂಡಿದ್ದೀರಿ” ಅಂದ್ರು.

“ಇಟ್ಕಬೇಕಲ್ವ ತಾಯಿ, ನೀವು ನಂಬಿ ಮಡಗಿರೋದು.”

“ಅಯ್ಯೋ, ಅದು ನಿಮಗೇ ಕೊಟ್ಟಿದ್ದು.”

“ಸಂಕೋಚ ಪಟ್ಕಬ್ಯಾಡಿ. ಮನೇಲಿ ಜಾಗ ಇಲ್ದಿದ್ರೆ ಯಾರ್ ತಾನೆ ಏನ್ ಮಾಡಕಾದದು? ಕಷ್ಟ ಮನುಸ್ರಿಗಲ್ದೆ ಮರಕ್ಕೆ ಬತ್ತದ? ಜಾಗ ಆದಾಗ ತಕ್ಕಂಡೋಗೀರಂತೆ. ಬಾಡ್ಗೆ ಗೀಡ್ಗೆ ಏನೂ ಬ್ಯಾಡ.”

ನಾನು ಒಳಗೆ ಕಂಬಳಿ ಮುಖದ ಮೇಲೆ ಎಳ್ಕೊಂಡೆ.

“ಒಂದೇ ಮಾತು ತಾಯಿ” ಅಂತ ಮುಂದುವರಿಸಿದ್ರು ನಮ್ಮತ್ತೆ. “ನಿಮ್ ಸಾಮಾನು ಜಾಸ್ತಿ ಆಗೋಗದೆ. ಒರ್ಸಿ ಮಡಗನ ಅಂದ್ರೆ ನಂಗೆ ಕಣ್ ಕಾಣಲ್ಲ. ಬಾನ್ವಾರ ಬಾನ್ವಾರ ನನ್ ಸೊಸೆಯ ಮನೇಗೆ ಬುಟ್ರೆ, ಅವ್ಳು ನೋಡ್ಕತಾಳೆ.”

ಅಮ್ಮಾವ್ರ ಕೈಯಲ್ಲಿ ಟೀ ಲೋಟ ಇತ್ತು. ಉಪಕಾರ ಅಂತ ಆಗಲೇ ಅಂದಾಗಿತ್ತು. ಅಂದಮೇಲೆ ಎಂಥೋರ ಬಾಯಾದ್ರೂ ಕಟ್ಟಿಹೋಗುತ್ತೆ, ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಲೋಟ ಕೆಳಗಿಟ್ಟು, “ಆಯ್ತಮ್ಮ, ಭಾನುವಾರ ಬರೋದು ಬೇಡ” ಅಂದ್ರು.

ನಮ್ಮತ್ತೆ ನಂಬಿ ಅಂದ್ರೋ, ಬೇಕಂತಲೇ ಅಂದ್ರೋ, ನಾನು ಇವತ್ತಿಗೂ ಕೇಳಿಲ್ಲ. ಅವತ್ತು ಅವರ ಕಾಲು ಒತ್ತಿದೆ. ಬಾಯಲ್ಲಿ ಉಪಕಾರ ಅನ್ನಲಿಲ್ಲ, ನಮ್ಮಲ್ಲಿ ಅದನ್ನ ಹಾಗೆ ಹೇಳೋದಿಲ್ಲ.

ಮುಂದಿನ ಭಾನುವಾರ ನಾನೇ ಮುದ್ದೆ ಕಟ್ಟಿದೆ, ಬಸ್ಸಾರು ಮಾಡಿದೆ. ಮೂವರೂ ನೆಲದ ಮೇಲೆ ಕೂತ್ವಿ. ಮುದ್ದೆಯಿಂದ ಹಬೆ ಏಳ್ತಾ ಇತ್ತು. ನನಗೆ ಸುಮ್ಮಸುಮ್ಮನೆ ಅಳು ಬಂದ ಹಾಗಾಯ್ತು. ಮೊದಲನೇ ತುತ್ತು ಸಾರಲ್ಲಿ ಅದ್ದಿದೆ, ಫೋನು ಹೊಡ್ಕೊಳ್ತು. ಅಮ್ಮಾವ್ರು.

“ಮನೇಲೇ ಇದ್ದೀಯಲ್ಲ? ಒಳ್ಳೇದಾಯ್ತು, ಇಳಿಸ್ಕೊಳ್ಳೋಕೆ ಯಾರಾದ್ರೂ ಇರಬೇಕಲ್ಲ. ನಮ್ಮ ಹಳೇ ಊಟದ ಮೇಜು ಆಟೋಲಿ ಕಳಿಸಿದ್ದೀನಿ. ಎಂಟು ಕುರ್ಚಿ ಇದೆ.”

ಫೋನು ಕೆಳಗಿಟ್ಟು ನಮ್ಮತ್ತೆಗೆ ಹೇಳಿದೆ. ಅವರು ತುತ್ತು ನುಂಗಿ, ಲೊಚಗುಟ್ಟಿ, ಪಾತ್ರೇಲಿ ಇನ್ನೆಷ್ಟು ಮುದ್ದೆ ಇದೆ ಅಂತ ಬಗ್ಗಿ ನೋಡಿದ್ರು.

“ಪಾಪ, ಉಣ್ಣಾಕ್ ಕುಂತ್ಕಳಕೂ ಜಾಗ ಇಲ್ದಂಗಾಯ್ತಾ ಅವ್ರಿಗೆ? ಫೋನ್ ಮಾಡವ್ವ, ಇಬ್ರೂ ಇಲ್ಗೇ ಬರ್ಲಿ. ಮುದ್ದೆ ಇನ್ನೂ ಬಿಸಿ ಅದೆ.”