ಲೆಕ್ಕ ಇಡಬಾರದ ಆಟದಲ್ಲಿ ನಾಲ್ಕನೇ ಗೋಲು

ಇತಿಹಾಸದ ಪಾಠ ಹೇಳಿ ಹೊಟ್ಟೆ ಹೊರೆಯುವವನು ಹೊರಗೆ ಹೇಳಿಕೊಳ್ಳಬಾರದ ಮಾತೊಂದಿದೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದು ಮರೆಯುತ್ತದೆ ಎಂಬುದಲ್ಲ ನನ್ನ ತಕರಾರು. ನಡೆಯದೇ ಇದ್ದದ್ದನ್ನೂ ಸೇರಿಸಿ ಇಟ್ಟುಕೊಳ್ಳುತ್ತದೆ. ಕುರುಂದವಾಡದ ಸೋದರಮಾವನ ಮನೆಯ ಕಟ್ಟೆಯವರೆಗೆ ಕೃಷ್ಣೆಯ ನೀರು ಏರಿ ಬಂದದ್ದನ್ನು, ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಎತ್ತರದ ಓಣಿಗೆ ಹೊತ್ತೊಯ್ದದ್ದನ್ನು ಎಷ್ಟೋ ವರ್ಷ ಬಂದವರಿಗೆಲ್ಲ ಬಣ್ಣಿಸಿ ಹೇಳುತ್ತಿದ್ದೆ. ಒಮ್ಮೆ ನಾನು ಹೀಗೆ ಹೇಳುವಾಗ ಅಣ್ಣ ಎದುರಿಗೇ ಕೂತಿದ್ದ. ಪೂರ್ತಿ ಕೇಳಿಸಿಕೊಂಡು, "ಹೆಗಲ ಮ್ಯಾಲೆ ಇದ್ದಾಂವ ನಾನು. ನೀ ಇನ್ನೂ ಹುಟ್ಟಿದ್ದಿಲ್ಲ" ಎಂದ. ಅಂದಿನಿಂದ ದಿನಚರಿ ಬರೆಯುತ್ತಿದ್ದೇನೆ. ಅದನ್ನೂ ನಾನು ಪೂರ್ತಿ ನಂಬುವುದಿಲ್ಲ. ಬರೆಯಲು ಕೂತಾಗ ನಾನು ಹಗಲಿನಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಒಳ್ಳೆಯ ಮನುಷ್ಯನಾಗಿಬಿಡುತ್ತೇನೆ.

ಇಂಥವನ ಬಾಯಿಗೆ ಸೀಟಿ ಕೊಟ್ಟು ಮಕ್ಕಳ ಫುಟ್‌ಬಾಲಿಗೆ ರೆಫರಿ ಮಾಡಿದವರ ಧೈರ್ಯವನ್ನು ಮೆಚ್ಚಬೇಕು. ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಸುಮ್ಮನೆ ನಡೆಯಲು ನನಗೆ ಬೇಸರ. ಕಾಲೇಜಿನಲ್ಲಿ ಆಟೋಟ ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬರು, "ಹೆಂಗೂ ನಡೀಬೇಕಲ್ರಿ, ಬಾಯಾಗ ಸೀಟಿ ಇಟ್ಕೊಂಡ ನಡೀರಿ" ಎಂದು ಒಂದು ಭಾನುವಾರ ರೆಫರಿಗಳ ತರಬೇತಿಗೆ ಕರೆದೊಯ್ದರು. ದೊಡ್ಡವರ ಪಂದ್ಯವಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ. ಕೊಲ್ಲಾಪುರದಲ್ಲಿ ದೊಡ್ಡವರ ಪಂದ್ಯಕ್ಕೆ ರೆಫರಿಯಾಗುವವನಿಗೆ ಪಂದ್ಯ ನಡೆಯುವಾಗ ಓಡಲು ಬರಬೇಕು, ಪಂದ್ಯ ಮುಗಿದ ಮೇಲೆ ಅದಕ್ಕಿಂತ ಜೋರಾಗಿ ಓಡಲು ಬರಬೇಕು.

ಹತ್ತು ವರ್ಷದೊಳಗಿನ ಮಕ್ಕಳ ಆಟ ಬೇರೆಯೇ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟಂತೆ ಅವರಿಗಾಗಿ ನಿಯಮಗಳನ್ನು ಮೆತ್ತಗೆ ಮಾಡಿರುತ್ತಾರೆ. ಮೈದಾನ ಚಿಕ್ಕದು, ಗೋಲು ಚಿಕ್ಕದು, ಒಂದೊಂದು ಕಡೆಗೆ ಐದೇ ಮಕ್ಕಳು. ಆಫ್‌ಸೈಡ್ ಇಲ್ಲ. ಚೆಂಡಿಗೆ ತಲೆ ಕೊಡುವಂತಿಲ್ಲ. ಗೋಲ್‌ಕೀಪರನ ಕೈಗೆ ಚೆಂಡು ಬಂದರೆ ಎದುರಿನವರು ಅರ್ಧ ಮೈದಾನದಾಚೆ ಸರಿದು ನಿಂತು, ಅವನು ಪಕ್ಕದವನಿಗೆ ನೆಮ್ಮದಿಯಿಂದ ಚೆಂಡು ಕೊಡಲು ಬಿಡಬೇಕು. ತಪ್ಪು ಮಾಡಿದ ಮಗುವಿಗೆ ಕಾರ್ಡು ತೋರಿಸುವಂತಿಲ್ಲ. ರೆಫರಿ ಮೊಣಕಾಲೂರಿ ಕೂತು ತಿಳಿಸಿ ಹೇಳಬೇಕು. ಕೂರುವುದು ನನಗೆ ಚೆನ್ನಾಗಿ ಬರುತ್ತದೆ. ಏಳುವಾಗ ಮಾತ್ರ ತಪ್ಪು ಮಾಡಿದ ಮಗುವೇ ತೋಳು ಹಿಡಿದು ಎಬ್ಬಿಸಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಗೋಲಿನ ಲೆಕ್ಕ ಇಡಬಾರದು. ಫಲಕವಿಲ್ಲ, ಕಪ್ಪಿಲ್ಲ, ಗೆದ್ದವರಿಲ್ಲ, ಸೋತವರಿಲ್ಲ. ಮಕ್ಕಳು ಆಡಿ ಕಲಿಯಲಿ ಎಂದು. ನಮ್ಮದು ಮಿಸಳ ತಿನ್ನಲು ಕೂತರೂ ಯಾರು ಎಷ್ಟು ಪಾವ್ ಮುಗಿಸಿದರು ಎಂದು ಎಣಿಸುವ ಸೀಮೆ. ಇಲ್ಲಿಗೆ ಈ ನಿಯಮ ತಂದವರು ಯಾರೋ ಸಂತರಿರಬೇಕು. ಆದರೆ ಸಂತರೂ ಒಂದು ಕಡೆ ಎಡವಿದ್ದರು. ಒಂದು ತಂಡ ನಾಲ್ಕು ಗೋಲು ಹಿಂದೆ ಬಿದ್ದರೆ ಅದು ಇನ್ನೊಬ್ಬ ಆಟಗಾರನನ್ನು ಹೆಚ್ಚಿಗೆ ಇಳಿಸಬಹುದು ಎಂಬ ನಿಯಮವೂ ಅದೇ ಹಾಳೆಯಲ್ಲಿತ್ತು. ಲೆಕ್ಕವೇ ಇಲ್ಲದ ಮೇಲೆ ನಾಲ್ಕು ಎಂದು ಗೊತ್ತಾಗುವುದು ಹೇಗೆ? ತರಬೇತಿಯಲ್ಲಿ ಎದ್ದು ನಿಂತು ಕೇಳಿದೆ. "ರೆಫರಿ ಮನಸ್ಸಿನೊಳಗ ಇಟ್ಕೊಂಡಿರ್ತಾರ. ಬರದ್ರ ಮಕ್ಕಳು ಇಣಕಿ ನೋಡ್ತಾವ" ಎಂದರು ಕಲಿಸುವವರು. ಹೀಗೆ ಇಡೀ ಮೈದಾನದಲ್ಲಿ ಲೆಕ್ಕ ನೆನಪಿಡಬೇಕಾದ ಏಕಮಾತ್ರ ಮನುಷ್ಯ ನಾನಾದೆ.

ಮನೆಗೆ ಬಂದು ಸುನಂದಾಳಿಗೆ ಹೇಳಿದೆ. ಸುನಂದಾ ನನ್ನ ಹೆಂಡತಿ. ತರಕಾರಿ ತರಲು ನನ್ನನ್ನು ಕಳಿಸುವುದನ್ನು ಎಂದೋ ಬಿಟ್ಟವಳು. ಬಹಳ ಹೊತ್ತು ನಕ್ಕು, ಒಂದು ಹಿಡಿ ಹುರಿದ ಶೇಂಗಾ ತಂದು ನನ್ನ ಬಲಗಡೆಯ ಕಿಸೆಗೆ ಹಾಕಿದಳು. "ಗೋಲ್ ಆದಂಗೆಲ್ಲಾ ಒಂದ ಕಾಳು ಎಡಕ್ಕ ಹಾಕ್ರಿ. ಇನ್ನೊಂದ ಟೀಮ್ ಹೊಡದ್ರ ಒಂದ ವಾಪಸ್ ತಗೀರಿ. ಅಷ್ಟ." ನಾನು ಓದಿದ ಯಾವ ಗ್ರಂಥದಲ್ಲೂ ಇಷ್ಟು ಸರಳವಾದ ಪದ್ಧತಿ ಇರಲಿಲ್ಲ. ಅದರಲ್ಲಿದ್ದ ದೋಷ ಒಂದೇ, ಶೇಂಗಾ ತಿನ್ನುವ ಪದಾರ್ಥವಾಗಿತ್ತು.

ಇಚಲಕರಂಜಿಯಲ್ಲಿ ಮಕ್ಕಳ ಪಂದ್ಯಗಳು ನಡೆದ ಭಾನುವಾರ ನನ್ನ ಪಾಲಿಗೆ ಬಂದದ್ದು ಭರತೇಶನ ತಂಡದ ಪಂದ್ಯಗಳು. ಭರತೇಶ ಸುನಂದಾಳ ತಮ್ಮ. ಊರಿನಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ, ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾನೆ. ನಮ್ಮ ಕಡೆ ಅಕ್ಕನ ಗಂಡನನ್ನು ಮರಾಠಿಯವರ ಹಾಗೆ ದಾಜಿ ಎನ್ನುವ ರೂಢಿ. ಅವನಿಗೆ ನಾನು ದಾಜಿ. ಸಂಬಂಧಿಕರ ತಂಡಕ್ಕೆ ನಾನು ರೆಫರಿಯಾಗುವುದು ಸರಿಯೇ ಎಂದು ಸಂಘಟಕರನ್ನು ಕೇಳಿದೆ. ಗೆಲುವು ಸೋಲು ಇಲ್ಲದ ಆಟದಲ್ಲಿ ಪಕ್ಷಪಾತ ಎಲ್ಲಿಂದ ಬಂತು ಎಂದರು. ಅವರಿಗೆ ಭಾವಮೈದುನರು ಇರಲಿಲ್ಲವೆಂದು ತೋರುತ್ತದೆ. ಸುನಂದಾ ಅಂದು ಬೆಳಿಗ್ಗೆಯೇ ಎಚ್ಚರಿಸಿದ್ದಳು: "ತಮ್ಮ ಅಂತ ಬಿಟ್ಟುಕೊಡಬ್ಯಾಡ್ರಿ. ಹಂಗಂತ ತಮ್ಮ ಅಂತ ಹಿಡಕೊಂಡೂ ಕುಂದರಬ್ಯಾಡ್ರಿ." ಇಷ್ಟು ಹೇಳಿ ತಾನೂ ನೋಡಲು ಬಂದಳು.

ಭರತೇಶನ ತಂಡದಲ್ಲಿ ಮಾಯಾ ಎಂಬ ಹುಡುಗಿ ಇದ್ದಳು. ಅಕಿವಾಟದ ಕುರಿ ಸಾಕುವ ಮನೆತನದವಳು, ಶಾಲೆಗಾಗಿ ಇಚಲಕರಂಜಿಯಲ್ಲಿ ಅತ್ತೆಯ ಮನೆಯಲ್ಲಿದ್ದಾಳೆ. ಅವಳ ಆಟ ನೋಡಲೆಂದೇ ಅಜ್ಜಿ ಅಕಿವಾಟದಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಎರಡು ಪಂದ್ಯ ಮುಗಿದಿದ್ದವು. ಮಾಯಾ ಎರಡರಲ್ಲೂ ಹೊರಗೆ ಕೂತೇ ಇದ್ದಳು. ಬೂಟಿನ ಲೇಸು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ನೀರು ಕುಡಿಯಲು ಹಗ್ಗದ ಬಳಿ ಹೋದಾಗ ಅಜ್ಜಿ ನನ್ನನ್ನು ಹಿಡಿದರು.

"ಸಾಹೇಬ್ರ, ನಮ್ಮ ಹುಡುಗಿ ಆಟ ಯಾವಾಗ್ರಿ? ಬೆಳಗಿಂದ ಕುಂತಾಳ. ಕುಂದ್ರೂ ಆಟ ಆಗಿದ್ರ ಮನ್ಯಾಗ ಆಡ್ತಿದ್ಲು. ನನಗ ಒಂದರ ಗಾಡಿ ತಪ್ಪಿದ್ರ ಸಂಜೀತನಾ ಗಾಡಿ ಇಲ್ಲ."

ಎಲ್ಲ ಮಕ್ಕಳಿಗೂ ಆಡುವ ಅವಕಾಶ ಕೊಡಬೇಕೆಂದು ನಿಯಮದಲ್ಲೇ ಇದೆ. ಎಷ್ಟು ಹೊತ್ತು ಎಂದು ಇಲ್ಲ. ಭರತೇಶನನ್ನು ಬದಿಗೆ ಕರೆದು ಕೇಳಿದೆ.

"ಇಳಸ್ತೀನಿ ದಾಜಿ, ಕೊನೀಗೆ ಎರಡ ನಿಮಿಷ ಇಳಸ್ತೀನಿ. ಅಕೀದೊಂದ ತ್ರಾಸ ಐತಿ. ಬಾಲ್ ಸಿಕ್ರ ಯಾರಿಗೂ ಕೊಡೂದಿಲ್ಲ. ಗೋಲಿಗೂ ಕೊಡೂದಿಲ್ಲ."

"ಗೆಲ್ಲೂ ಆಟ ಅಲ್ಲಲ್ಲೋ ಇದು."

"ನಾ ಎಲ್ಲಿ ಗೆಲ್ಲಾಕತ್ತೇನಿ? ಸೋಲಬಾರ್ದು ಅಷ್ಟ."

ಮೂರನೆಯ, ಕೊನೆಯ ಪಂದ್ಯ ಗಡಹಿಂಗ್ಲಜದ ಮಕ್ಕಳ ಜೊತೆ. ಆ ಊರಿನ ಮಕ್ಕಳು ನಡೆಯುವುದಕ್ಕಿಂತ ಮೊದಲು ಒದೆಯಲು ಕಲಿತವರು. ಶುರುವಾದ ಸ್ವಲ್ಪ ಹೊತ್ತಿಗೇ ಗೋಲು ಬಿತ್ತು. ಒಂದು ಕಾಳನ್ನು ಎಡಕ್ಕೆ ಹಾಕಿದೆ. ಇನ್ನೊಂದು ಬಿತ್ತು. ಇನ್ನೊಂದು ಕಾಳು. ಭರತೇಶನ ತಂಡದ ಗೋಲ್‌ಕೀಪರ್ ಓಂಕಾರ ಬಿಕ್ಕಲು ಶುರುಮಾಡಿದ. ನಿಯಮದಂತೆ ಮೊಣಕಾಲೂರಿ ಕೂತು ಸಮಾಧಾನ ಮಾಡಿದೆ, ಮಾತಿಗೆ ಬಗ್ಗದಾಗ ಕಿಸೆಯಿಂದ ಶೇಂಗಾ ತೆಗೆದು ಕೊಟ್ಟೆ. ಎಡಗಿಸೆಯಿಂದಲೋ ಬಲಗಿಸೆಯಿಂದಲೋ ನನಗೆ ಗೊತ್ತಿಲ್ಲ. ಅವನು ಅಳು ನಿಲ್ಲಿಸಿದ. ಅವನು ತಿನ್ನುವುದನ್ನು ನೋಡಿ ನಾನೂ ಬಹುಶಃ ಬಾಯಿಗೆ ಹಾಕಿಕೊಂಡೆ. ಬಹುಶಃ ಎನ್ನುತ್ತಿದ್ದೇನೆ, ದಯವಿಟ್ಟು ಗಮನಿಸಿ. ಈ ನಡುವೆ ಇನ್ನೂ ಗೋಲು ಬಿದ್ದವೇ, ಬಿದ್ದಿದ್ದರೆ ಎಷ್ಟು ಎಂಬುದೂ ಆ ಬಹುಶಃದೊಳಗೇ ಸೇರಿದೆ.

ಆಮೇಲೆ ಆದದ್ದನ್ನು ಮಾತ್ರ ನಾನು ಸ್ಪಷ್ಟವಾಗಿ ನೋಡಿದ್ದೇನೆ ಎಂದುಕೊಂಡಿದ್ದೇನೆ. ಗಡಹಿಂಗ್ಲಜದ ಹುಡುಗನೊಬ್ಬ ಒದ್ದ ಚೆಂಡು, ಊಟವಾದ ಮೇಲೆ ಅಡ್ಡಾಡಲು ಹೊರಟವರ ಹಾಗೆ ನಿಧಾನವಾಗಿ ಓಂಕಾರನ ಕಡೆಗೆ ಉರುಳುತ್ತಿತ್ತು. ನಮ್ಮ ಸುನಂದಾ ಕೂಡ ಅದನ್ನು ಹಿಡಿಯಬಹುದಿತ್ತು. ಓಂಕಾರ ಅದನ್ನೊಮ್ಮೆ ನೋಡಿದ, ಹೊರಗೆ ಕೂತಿದ್ದ ಮಾಯಾಳನ್ನೊಮ್ಮೆ ನೋಡಿದ, ಬಗ್ಗಿ ಲೇಸು ಕಟ್ಟಿಕೊಳ್ಳತೊಡಗಿದ. ಚೆಂಡು ಅವನನ್ನು ದಾಟಿ ಒಳಗೆ ಹೋಯಿತು.

"ನಾಕ ಆತ್ರಿ ಸರ್" ಎಂದ ಎದ್ದು ನಿಂತು. "ಮಾಯಾನ್ನ ಕರೀರಿ."

ಭರತೇಶ ಆಚೆಯಿಂದಲೇ ಗದರಿದ. "ಎಲ್ಲೀವೋ ನಾಕು? ಮೂರ ಆಗ್ಯಾವ. ಸುಮ್ನ ಆಡು."

"ನಾಕ ರೀ. ತಿಂದಾಂವ ನಾನು, ನನಗ ಗೊತ್ತಿರೂದಿಲ್ಲೇನ್ರಿ?"

"ಗಡಹಿಂಗ್ಲಜದವರ ಕಡಿಂದ ನಾಕ ತಿನ್ನೂವಂಥಾ ಟೀಮ್ ಅಲ್ಲ ನಮ್ದು."

ಗಡಹಿಂಗ್ಲಜದ ಪುಟ್ಟ ಹುಡುಗನೊಬ್ಬ ನನ್ನ ಮುಂದೆ ಐದೂ ಬೆರಳು ಅಗಲಿಸಿ ಹಿಡಿದು, "ಪಾಚ್ ಝಾಲೇ ಸರ್, ಪಾಚ್" ಎಂದ. ಅವರ ತರಬೇತುದಾರರು ಸೌಮ್ಯ ಸ್ವಭಾವದ ಮೇಷ್ಟ್ರು. ಹುಡುಗನನ್ನು ಹಿಂದಕ್ಕೆ ಎಳೆದುಕೊಂಡು, "ನಾವು ಲೆಕ್ಕ ಇಟ್ಟಿಲ್ರಿ ಸರ್. ಆದ್ರ ಐದು" ಎಂದರು.

ಇಂಥ ವ್ಯಾಜ್ಯವನ್ನು ನಾನು ಯಾವ ಕಾಲದ ಇತಿಹಾಸದಲ್ಲೂ ಓದಿಲ್ಲ. ಗೋಲು ತಿಂದ ಮಕ್ಕಳು ನಾವು ಹೆಚ್ಚು ತಿಂದಿದ್ದೇವೆ ಎಂದು ಹಟ ಹಿಡಿದಿದ್ದಾರೆ. ಹೆಚ್ಚಿನ ಆಟಗಾರ ಸಿಗುವ ಲಾಭವಿದ್ದರೂ ಅವರ ಗುರು ಕಡಿಮೆ ತಿಂದಿದ್ದೇವೆ ಎನ್ನುತ್ತಿದ್ದಾನೆ, ಏಕೆಂದರೆ ಆ ಆಟಗಾರನನ್ನು ಇಳಿಸಿದರೆ ನಾಲ್ಕು ತಿಂದದ್ದನ್ನು ಇಡೀ ಊರಿನ ಎದುರು ಒಪ್ಪಿಕೊಂಡಂತೆ. ಲೆಕ್ಕ ಇಡದವರ ಬಳಿ ಮೂರು ಲೆಕ್ಕಗಳಿವೆ. ಲೆಕ್ಕ ಇಡಬೇಕಾದವನು ಎಡಗಿಸೆಗೆ ಕೈ ಹಾಕಿದರೆ ಎರಡೇ ಕಾಳು. ಬಲಗಿಸೆ ಖಾಲಿ. ಬಾಯಲ್ಲಿ ಶೇಂಗಾದ ರುಚಿ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಾಯಾ ಎದ್ದು ನಿಂತಿದ್ದಳು. ಹಗ್ಗದ ಆಚೆ ಅಜ್ಜಿ ಕೈಚೀಲವನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದರು.

"ನಾಲ್ಕು" ಎಂದೆ.

"ದಾಜಿ, ಖರೇನ?"

"ಖರೇನ."

ಮಾಯಾ ಒಳಗೆ ಬಂದಳು, ಎರಡು ನಿಮಿಷಕ್ಕಲ್ಲ, ಉಳಿದ ಆಟಕ್ಕೆಲ್ಲ. ಬಂದ ಸ್ವಲ್ಪ ಹೊತ್ತಿಗೇ ಅವಳಿಗೆ ಚೆಂಡು ಸಿಕ್ಕಿತು. ಭರತೇಶ ಹೇಳಿದ್ದು ನೂರಕ್ಕೆ ನೂರು ನಿಜ. ಅವಳು ಅದನ್ನು ಯಾರಿಗೂ ಕೊಡಲಿಲ್ಲ. ಮೂಲೆಗೆ ತೆಗೆದುಕೊಂಡು ಹೋಗಿ, ಬೆನ್ನು ತಿರುಗಿಸಿ, ಪಾದದಡಿ ಇಟ್ಟುಕೊಂಡು ನಿಂತಳು. ಎದುರಿನ ಮಕ್ಕಳು ಸುತ್ತುವರಿದರು. ಅವಳು ಚೆಂಡಿನ ಸಮೇತ ಅವರ ನಡುವಿನಿಂದ ಹಾದು ಇನ್ನೊಂದು ಮೂಲೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳ ತಂಡದವರೂ ಅವಳಿಂದ ಚೆಂಡು ಕಸಿಯಲು ನೋಡುತ್ತಿದ್ದರು.

"ಪಾಸ್ ಕೊಡ ಮಾಯಾ" ಎಂದು ಭರತೇಶ ಕೂಗಿದ.

"ಕೊಡಬ್ಯಾಡ ನನ್ನ ಮಗಳ" ಎಂದು ಅಜ್ಜಿ ಕೂಗಿದರು.

ಮುಕ್ತಾಯದ ಸೀಟಿ ಊದಿದರೂ ಅವಳು ಬಿಡಲಿಲ್ಲ. ಮೊಣಕಾಲೂರಿ ಕೂತು, ಆಟ ಮುಗಿಯಿತಮ್ಮಾ ಎಂದು ತಿಳಿಸಿ ಹೇಳಬೇಕಾಯಿತು. ಅವಳೇ ನನ್ನನ್ನು ಎಬ್ಬಿಸಿದಳು. ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸಿ, ಯಾರು ಗೆದ್ದರೆಂದು ನನ್ನನ್ನು ಕೇಳಿದರು. ಇದರಲ್ಲಿ ಹಾಗೆ ಗೆಲ್ಲುವುದು ಇರುವುದಿಲ್ಲ ಎಂದೆ. "ಮುಗಿಯೂಮುಂದ ಬಾಲ್ ನಮ್ಮ ಹುಡುಗಿ ಕಡೆ ಇತ್ತಲ್ರಿ" ಎಂದರು ಅಜ್ಜಿ, ತಿಳಿಯದವನಿಗೆ ತಿಳಿಸುವ ದನಿಯಲ್ಲಿ. "ಹಂಗಾದ್ರ ನಾವ ಗೆದ್ದೀವಿ." ಅಷ್ಟು ಹೇಳಿ ಬಸ್ಸಿಗೆ ಹೊರಟುಬಿಟ್ಟರು.

ಮಧ್ಯಾಹ್ನ ಭರತೇಶನ ಮನೆಯಲ್ಲಿ ಊಟ. ಅವನು ನನಗೆ ಮೊಸರು ಬಡಿಸಿದ ರೀತಿಯಲ್ಲೇ ಮೂರು ಗೋಲು ಎಂಬ ವಾದ ಇತ್ತು. ಆದರೆ ಅವನದು ಹೆಚ್ಚು ದಿನ ಉಳಿಯುವ ಸಿಟ್ಟಲ್ಲ. ಮುಂದಿನ ಪಂದ್ಯಗಳಿಗೆ ಅವನು ಮಾಯಾಳನ್ನು ಮೊದಲಿನಿಂದಲೇ ಇಳಿಸತೊಡಗಿದನಂತೆ. ಫೋನಿನಲ್ಲಿ ಕಾರಣವನ್ನೂ ಹೇಳಿದ: "ಬಾಲ್ ಅಕಿ ಕಾಲಾಗ ಇದ್ರ ನಮಗ ಗೋಲ್ ಹೊಡ್ಯಾವ್ರ ಯಾರ ದಾಜಿ?" ಅವಳನ್ನು ಅಂದು ಇಳಿಸಿದ್ದು ತಾನೇ ಎಂದೂ ಈಗ ಹೇಳಿಕೊಂಡು ತಿರುಗುತ್ತಾನೆ. ನಾನು ತಿದ್ದಲು ಹೋಗಿಲ್ಲ. ಅವನು ಕೈಬೀಸಿ ಅವಳನ್ನು ಒಳಗೆ ಕಳಿಸಿದ್ದು ನನಗೂ ಇತ್ತೀಚೆಗೆ ಸ್ವಲ್ಪ ಸ್ವಲ್ಪ ಕಾಣತೊಡಗಿದೆ.

ಉಳಿದದ್ದು ಒಂದೇ ತೊಡಕು. ಸುನಂದಾ ಅಂದು ಒಂದು ಗೋಲನ್ನೂ ಬಿಡದೆ ಎಣಿಸಿದ್ದಾಳೆ. ಮನೆಯಲ್ಲಿ ನಾನು ಯಾವುದಾದರೂ ವಿಷಯಕ್ಕೆ ಖಚಿತವಾಗಿ ಮಾತಾಡಲು ಶುರುಮಾಡಿದರೆ ಸಾಕು, ಒಳಗಿನಿಂದ, "ಎಷ್ಟ ಆಗಿದ್ವು ಹೇಳ್ಲೇನ್ರಿ?" ಎನ್ನುತ್ತಾಳೆ. ಮೂರು ಎಂದರೆ ನಾನು ಭರತೇಶನಿಗೆ ಇಲ್ಲದ ಗೋಲು ಕಟ್ಟಿದವನು. ಅದನ್ನು ಹೇಗೋ ಸಹಿಸಿಕೊಂಡೇನು. ಐದು ಎಂದರೆ, ನಾಲ್ಕು ಆದಾಗಲೇ ಒಳಗೆ ಬರಬೇಕಿದ್ದ ಹುಡುಗಿ ನಾನು ಶೇಂಗಾ ತಿಂದದ್ದಕ್ಕಾಗಿ ಇನ್ನಷ್ಟು ಹೊತ್ತು ಲೇಸು ಬಿಚ್ಚಿ ಕಟ್ಟುತ್ತ ಕೂತಿದ್ದಳು. ಪ್ರತ್ಯಕ್ಷ ಕಂಡ ಸಾಕ್ಷಿ ಸಿಕ್ಕರೆ ಬೆನ್ನು ಬಿಡದೆ ಕೇಳಿ ತಿಳಿದುಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇನೆ. ನನ್ನ ಸಾಕ್ಷಿ ಅಡುಗೆಮನೆಯಲ್ಲೇ ಇದ್ದಾಳೆ, ಕೇಳಿದರೆ ಈಗಲೇ ಹೇಳುತ್ತಾಳೆ. ನಾನು ಎದ್ದು ಹೋಗಿ ಟಿವಿಯ ಸದ್ದು ಜೋರು ಮಾಡುತ್ತೇನೆ.