ಗುರುಸಿದ್ದವ್ವನ ಕುತ್ತಿಗೆ

ಎಮ್ಮೆ ಕೂಗಿತೆಂದು ಗುರುಸಿದ್ದವ್ವ ಹೊರಳಿ ನೋಡಿದಳು. ಹೋದ ಮುಖ ವಾಪಸ್ ಬರಲಿಲ್ಲ. ತೇರಗಾಂವದಿಂದ ಹಳಿಯಾಳದ ದವಾಖಾನೆಯವರೆಗೂ ಬಸ್ಸಿನ ಕಿಟಕಿಯತ್ತಲೇ ಮುಖ ಮಾಡಿ ಕೂತಳು. ಕಂಡಕ್ಟರ್ ಟಿಕೆಟ್ ಕೇಳಿದರೆ ಕಿಟಕಿಗೇ ಉತ್ತರ ಕೊಟ್ಟಳು.

"ವಯಸ್ಸಾದಂಗ ಎಲ್ಲಾರ ಕುತ್ತಿಗಿ ಎಲುಬೂ ಸವೀತಾವ, ಅಂಜಬ್ಯಾಡ್ರಿ," ಎಂದರು ಡಾಕ್ಟರು. "ಬಿಸಿನೀರಿನ ಶಾಖ ಕೊಡ್ರಿ, ದಿಂಬು ತೆಳ್ಳಂದು ಇರ್ಲಿ, ಕುತ್ತಿಗಿ ಮೆಲ್ಲಕ ಹೊರಳಿಸ್ರಿ. ತಲಿ ಮ್ಯಾಲ ಮಾತ್ರ ಏನೂ ಹೊರಬ್ಯಾಡ್ರಿ."

"ನಾಳೆ ಮುಂಡಗೋಡದಾಗ ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕೂದು ಐತ್ರಿ. ಹೋಗಲೇಬೇಕ್ರಿ."

"ಇವತ್ತು ಜ್ವಾಕಿ ಮಾಡಿದ್ರ ಹೋಗಿ ಬರ್ರಿ."

ಸುದ್ದಿ ಆಕೆಗಿಂತ ಮೊದಲೇ ಓಣಿ ಮುಟ್ಟಿತ್ತು. ಹುಲ್ಲಿನ ಹೊರೆಗೆ ಕೈ ಹಾಕುವಷ್ಟರಲ್ಲಿ ಪಕ್ಕದ ಮನೆಯ ಭೋಜಪ್ಪ ಓಡಿಬಂದ. ವಯಸ್ಸಿನಲ್ಲಿ ಆಕೆಗಿಂತ ಹಿರಿಯ, ಉತ್ಸಾಹದಲ್ಲಿ ಎಳೆ ಹೋರಿ.

"ಬಿಡ ತಂಗಿ, ನಾ ಹೊರತೇನಿ! ನನ್ನ ಕುತ್ತಿಗಿ ಅಂದ್ರ ಸಾಗವಾನಿ ತೊಲಿ!"

ಆತನ ಹೆಂಡತಿ ದ್ವಾರಕಾಬಾಯಿ ಕೊಡದ ಮೇಲೆ ಕೊಡ ಹೊತ್ತು ನೀರು ತಂದಳು. ಎದುರು ಮನೆಯ ಸಿದ್ದಕ್ಕ ಕಟ್ಟಿಗೆ ಹೊತ್ತು ತಂದು, "ಕಟಿಂಗ್ ಅಂಗಡ್ಯಾಂವನ್ನ ಕರೀಲೇನ? ಒಂದ ಸಲ ಲಟಕ್ ಅನಿಸಿದ್ರ ನೋವು ಹಾರಿಹೋಗ್ತೈತಿ," ಎಂದಳು.

"ಬ್ಯಾಡ ತಾಯಿ, ನನಗ ಇರೂದು ಒಂದ ಕುತ್ತಿಗಿ."

"ಹಂಗಾರ ನಾಳೆ ನಿಶ್ಚಿಂತಿಲೆ ಹೋಗಿ ಬಾ. ನಿನ್ನ ಎಮ್ಮಿ ನಾವು ನೋಡ್ಕೋತೇವಿ," ಎಂದರು ಮೂವರೂ.

ಗುರುಸಿದ್ದವ್ವನ ಕಣ್ಣು ತುಂಬಿ ಬಂತು. ಒಡಹುಟ್ಟಿದವರೂ ಇಷ್ಟು ಮಾಡಲಾರರು ಎನಿಸಿತು. ಶಾಖ ಕೊಟ್ಟುಕೊಂಡಳು, ಮೆಲ್ಲಗೆ ಹೊರಳಿಸಿದಳು. ಸಂಜೆಗೆ ಕುತ್ತಿಗೆ ಸಲೀಸಾಗಿ ತಿರುಗಿತು. ಕೂಸಿನ ಕುಲಾವಿ ಚೀಲಕ್ಕೆ ಹಾಕಿ, ಬಿಸಿ ರೊಟ್ಟಿ ಹಿಡಿದು ಭೋಜಪ್ಪನ ಮನೆಗೆ ಹೋದಳು.

ಗಂಡ ಎಡಕ್ಕೆ, ಹೆಂಡತಿ ಬಲಕ್ಕೆ ಮುಖ ಮಾಡಿ ಕೂತಿದ್ದರು. ಜಗಳವಾಗಿದೆ ಎಂದುಕೊಂಡಳು.

"ಹೋಗ್ಲಿ ಬಿಡ್ರಿ. ಒಬ್ಬರ ಮಾರಿ ಒಬ್ಬರು ನೋಡ್ರಿ."

"ನೋಡಾಕ ಕುತ್ತಿಗಿ ತಿರಗಬೇಕಲ್ಲ!" ಎಂದು ನರಳಿದ ಭೋಜಪ್ಪ. ಎದುರು ಮನೆಯಿಂದ ಸಿದ್ದಕ್ಕನ "ಯಪ್ಪಾ, ಯವ್ವಾ" ಕೂಡ ಕೇಳಿಸುತ್ತಿತ್ತು.

ಇಂಥವರನ್ನು ಹೀಗೆ ಬಿಟ್ಟುಹೋಗಲು ಆಕೆಗೆ ಮನಸ್ಸು ಬರಲಿಲ್ಲ. ಶಾಖಕ್ಕೆ ನೀರು ಕಾಯಲು ಇಟ್ಟಳು. ಭೋಜಪ್ಪನ ಅಂಗಳದಲ್ಲೇ ತಳ್ಳುಗಾಡಿ ನಿಂತಿತ್ತು. ಇಡೀ ದಿನ ಅದು ಯಾರಿಗೂ ನೆನಪಾಗಿರಲಿಲ್ಲ. ಮೂರೂ ಮನೆಯ ಎಮ್ಮೆಗಳಿಗೆ ಅದರಲ್ಲೇ ಹುಲ್ಲು ಸಾಗಿಸಿ, ಮಗಳು ನಿರ್ಮಲಾಗೆ ಫೋನ್ ಹಚ್ಚಿದಳು.

"ಯವ್ವಾ, ನನ್ನ ಕುತ್ತಿಗಿ ಆರಾಮಾತು. ನಾಳೆ ಬರಾಕ ಆಗೂದಿಲ್ಲ."

"ಆರಾಮಾಗಿದ್ರ ಮತ್ಯಾಕ ಬರೂದಿಲ್ಲ?"

"ನನ್ನ ನೋವು ಓಣಿ ಮಂದಿ ಹಂಚ್ಕೊಂಡಾರವ್ವಾ. ಪುಣ್ಯವಂತರು!"